ಹಳೆ ಜೀಪಿನ ಗೇರ್‌ಬಾಕ್ಸ್: ಇದ್ದದ್ದನ್ನೇ ಬಿಚ್ಚಿ ಕಟ್ಟಬೇಕೋ, ಬೇರೆಯದನ್ನು ಕೂರಿಸಬೇಕೋ?

ಹಿತ್ತಲಲ್ಲಿ ತಗಡಿನ ಕೆಳಗೆ ನಿಂತಿದ್ದ ಅಜ್ಜನ ಕಾಲದ ಜೀಪನ್ನು ರೋಡಿಗೆ ತರಲು ಹೊರಟವರು ಸಾಮಾನ್ಯವಾಗಿ ಗೇರ್‌ಬಾಕ್ಸಿನ ಹತ್ತಿರ ಬಂದು ನಿಲ್ಲುತ್ತಾರೆ. ಎಂಜಿನ್ ಹೇಗೋ ಶುರುವಾಗಿರುತ್ತದೆ. ಬ್ರೇಕೂ ಹಿಡಿಯುತ್ತದೆ. ಆದರೆ ಎರಡನೇ ಗೇರ್ ತಾನಾಗಿಯೇ ಹಾರಿ ನ್ಯೂಟ್ರಲ್‌ಗೆ ಬರುತ್ತದೆ, ಫಸ್ಟ್ ಹಾಕಿದರೆ ಕರ್ರ್ ಅನ್ನುತ್ತದೆ, ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಎಣ್ಣೆಯ ಕಲೆ. ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಹಳೇದು ಬಿಡ್ರಿ ಸಾಹೇಬ್ರ, ಬೊಲೆರೊದ್ದು ಹಾಕಿಬಿಡೂಣು.” ಪಕ್ಕದ ಗ್ಯಾರೇಜಿನವರು ನಾಲ್ಕು ಗೇರಿನದೇ ಸಾಕು ಅನ್ನುತ್ತಾರೆ. ಜೀಪಿನ ಹುಚ್ಚು ಇರುವ ಗೆಳೆಯ ಒರಿಜಿನಲ್ ಮುಟ್ಟಲೇಬೇಡ ಅನ್ನುತ್ತಾನೆ.

ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರ ಮನಸ್ಸಿನಲ್ಲಿ ಇರುವ ಜೀಪು ಬೇರೆ ಬೇರೆ, ಅಷ್ಟೇ. ಒಂದು ಮಾತು ಮಾತ್ರ ಎಲ್ಲ ಜೀಪಿಗೂ ಅನ್ವಯಿಸುತ್ತದೆ. ಗೇರ್‌ಬಾಕ್ಸ್ ಒಂದೇ ಬದಲಾಗುವುದಿಲ್ಲ. ಅದರ ಹಿಂದೆ ಕ್ಲಚ್, ಹೌಸಿಂಗ್, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಆ ಬಲವನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಮೌಂಟಿಂಗ್, ಕೆಲವೊಮ್ಮೆ ಹಿಂದಿನ ಆಕ್ಸಲ್ ಕೂಡ ಸಾಲಾಗಿ ಬರುತ್ತವೆ. ಎಸ್ಟಿಮೇಟ್ ಚೀಟಿಯಲ್ಲಿ ಬರೆದಿರುವುದು ಬಾಕ್ಸಿನ ರೇಟು ಮಾತ್ರ.

ಯಾವುದರ ಮೇಲೆ ತೂಗಬೇಕು

ಮೊದಲನೆಯದು, ಮುಂದೆ ಯಾವ ಎಂಜಿನ್ ಇದೆ ಅನ್ನುವುದು. ಸಿಜೆ-3ಬಿ ಅನ್ನುವ ಹಳೆ ಮಾದರಿಯ ಜೀಪಿಗೆ ಬಂದದ್ದು ಹರಿಕೇನ್ ಅನ್ನುವ 134 ಕ್ಯೂಬಿಕ್ ಇಂಚಿನ, ಅಂದರೆ 2.2 ಲೀಟರ್ ಪೆಟ್ರೋಲ್ ಎಂಜಿನ್. ಎಪ್ಪತ್ತು ಚಿಲ್ಲರೆ ಕುದುರೆ ಶಕ್ತಿ. ನಮ್ಮ ಕಡೆಯ ಎಷ್ಟೋ ಜೀಪುಗಳಲ್ಲಿ ಆ ಪೆಟ್ರೋಲ್ ಎಂಜಿನ್ ಯಾವತ್ತೋ ಹೋಗಿ ಡೀಸೆಲ್ ಬಂದು ಕೂತಿದೆ. ಈ ಎರಡಕ್ಕೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಎರಡನೆಯದು ರೋಡು. ಮುಂಡರಗಿ ಕಡೆಯ ಎರೆ ಹೊಲದಲ್ಲಿ ಮಳೆಗಾಲದಲ್ಲಿ ಓಡಾಡುವ ಜೀಪಿಗೆ ಬೇಕಾಗಿರುವುದು ನಿಧಾನದ ಬಲ. ಹುಬ್ಬಳ್ಳಿಯಿಂದ ಹಾವೇರಿ, ರಾಣೇಬೆನ್ನೂರು ಅಂತ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡುವ ಜೀಪಿಗೆ ಬೇಕಾಗಿರುವುದು ಎಂಜಿನ್ ಅರಚದೆ ಓಡುವ ಟಾಪ್ ಗೇರ್. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವವರಿಗೆ ಎರಡನೇ ಗೇರ್ ಹಾರದೆ ನಿಲ್ಲುವುದೇ ಜೀವದ ಪ್ರಶ್ನೆ.

ಮೂರನೆಯದು ಕಾಗದಪತ್ರ. ನಾಲ್ಕನೆಯದು, ಮುಂದಿನ ಸಲ ಕೆಟ್ಟಾಗ ಯಾರು ಬಿಚ್ಚುತ್ತಾರೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಅನ್ನುವುದು. ಇದನ್ನು ಜನ ಮರೆಯುತ್ತಾರೆ. ಕೊನೆಯದು ದುಡ್ಡು, ಮತ್ತು ದುಡ್ಡಿನಷ್ಟೇ ಮುಖ್ಯವಾಗಿ ಜೀಪು ಎಷ್ಟು ದಿನ ಜಾಕ್ ಮೇಲೆ ನಿಂತಿರಬಹುದು ಅನ್ನುವುದು. ಬಿತ್ತನೆ ಹೊತ್ತಿಗೆ ಬೇಕಾದ ಗಾಡಿಯನ್ನು ಮೇ ತಿಂಗಳಲ್ಲಿ ಬಿಚ್ಚಬಾರದು, ಅಲ್ವಾ?

ಬಿಚ್ಚುವ ಮುಂಚೆ: ಕೆಟ್ಟಿರುವುದು ಬಾಕ್ಸೇ ಹೌದಾ?

ಇಲ್ಲಿ ಸ್ವಲ್ಪ ನಿಲ್ಲೋಣ. ಕ್ಲಚ್ ರಾಡ್ ತಿರುಗಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಬಾಕ್ಸ್ ಇಳಿಸಿದ ಉದಾಹರಣೆಗಳು ಬೇಕಾದಷ್ಟಿವೆ.

ನಿಂತಲ್ಲೇ ಗೇರ್ ಬೀಳುವುದು ಕಷ್ಟವಾಗಿದ್ದರೆ ಮೊದಲ ಅನುಮಾನ ಕ್ಲಚ್ ಮೇಲೆ. ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುತ್ತಿಲ್ಲ ಅಂದರೆ ಲಿಂಕೇಜ್ ಅಡ್ಜಸ್ಟ್ ಮಾಡಬೇಕು, ಅಥವಾ ಫ್ಲೈವೀಲ್ ಕಡೆಯ ಪೈಲಟ್ ಬುಷ್ ಹಿಡಿದಿರಬಹುದು. ನ್ಯೂಟ್ರಲ್‌ನಲ್ಲಿ ಕಾಲು ಎತ್ತಿದಾಗ ಗುರ್ರ್ ಅಂದು, ಕ್ಲಚ್ ಒತ್ತಿದಾಗ ಸದ್ದು ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಅಥವಾ ಬಾಕ್ಸಿನ ತಳದಲ್ಲಿರುವ ಕೌಂಟರ್ ಶಾಫ್ಟಿನ ಸೂಜಿ ರೋಲರ್‌ಗಳು ಸವೆದಿವೆ. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್.

ಫಸ್ಟ್, ಸೆಕೆಂಡ್‌ನಲ್ಲಿ ಕೂಗಿ ಟಾಪ್‌ನಲ್ಲಿ ಸುಮ್ಮನಾದರೆ ತೊಂದರೆ ಆ ಕೌಂಟರ್ ಶಾಫ್ಟಿನ ಮೇಲೆ ಕೂತ ಕೌಂಟರ್ ಗೇರಿನಲ್ಲಿದೆ. ಟಾಪ್ ಗೇರಿನಲ್ಲಿ ಬಲ ನೇರವಾಗಿ ಹಿಂದಕ್ಕೆ ಹೋಗುತ್ತದೆ, ಕೌಂಟರ್ ಗೇರಿನ ಮೇಲೆ ಭಾರ ಬೀಳುವುದಿಲ್ಲ. ಎಲ್ಲ ಗೇರಿನಲ್ಲೂ, ಟಾಪ್‌ನಲ್ಲೂ ಒಂದೇ ಸಮ ಊಳಿಟ್ಟರೆ ನೋಡಬೇಕಾದ್ದು ಹಿಂದಿನ ಟ್ರಾನ್ಸ್‌ಫರ್ ಕೇಸ್. ಈ ಜೀಪುಗಳ ಡೇನಾ 18 ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಂದಿನ ಎರಡೇ ಚಕ್ರ ತಿರುಗಿಸುವ ಟೂ ವೀಲ್ ಹೈನಲ್ಲೂ ಬಲ ಮಧ್ಯದ ಗೇರಿನ ಮೂಲಕವೇ ದಾಟಬೇಕು. ಹಾಗಾಗಿ ಸ್ವಲ್ಪ ಊಳು ಅದರ ಹುಟ್ಟುಗುಣ. ಅದಕ್ಕೆ ಗೇರ್‌ಬಾಕ್ಸ್ ಬದಲಿಸಿದರೆ ಊಳು ಹಾಗೆಯೇ ಇರುತ್ತದೆ.

ಎರಡನೇ ಗೇರ್ ಹಾರುವುದಕ್ಕೂ ಕಾರಣಗಳು ಹಲವು. ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಸಿಂಕ್ರೊನೈಸರ್ (ಸಿಂಕ್ರೊ) ಸವೆದಿರಬಹುದು, ಕೌಂಟರ್ ಗೇರ್ ಹಿಂದೆ ಮುಂದೆ ಆಡುತ್ತಿರಬಹುದು, ಗೇರ್ ಸರಿಸುವ ಫೋರ್ಕ್ ತೆಳ್ಳಗಾಗಿರಬಹುದು. ಆದರೆ ಮೇಲಿನ ಕವರಿನಲ್ಲಿ ಗೇರ್ ಹಿಡಿದಿಡುವ ಸಣ್ಣ ಸ್ಪ್ರಿಂಗ್ ಸತ್ತಿದ್ದರೂ ಹಾರುತ್ತದೆ. ಬೆಲ್ ಹೌಸಿಂಗಿನ ಬೋಲ್ಟ್ ಸಡಿಲಾಗಿದ್ದರೂ, ಮೌಂಟಿಂಗ್ ರಬ್ಬರ್ ಕುಸಿದು ಬಾಕ್ಸ್ ಸೊಟ್ಟಗೆ ಕೂತಿದ್ದರೂ ಹಾರುತ್ತದೆ. ಸ್ಪ್ರಿಂಗ್, ಬೋಲ್ಟ್, ರಬ್ಬರ್ ಮೂರನ್ನೂ ಬಾಕ್ಸ್ ಇಳಿಸದೆಯೇ ನೋಡಬಹುದು.

ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿನಲ್ಲಿ ನೋಡಿ. ಹಿತ್ತಾಳೆ ಬಣ್ಣದ ಮಿನುಗು ಸಿಂಕ್ರೊ ರಿಂಗಿನದು. ಅದು ಸ್ವಲ್ಪ ಇದ್ದರೆ ಗಾಬರಿ ಬೇಡ. ಆಯಸ್ಕಾಂತಕ್ಕೆ ಅಂಟುವ ಚೂರುಗಳು ಸಿಕ್ಕರೆ ಹಲ್ಲು ಹೋಗಿದೆ ಅಂತ ಅರ್ಥ.

ಇದ್ದದ್ದನ್ನೇ ಬಿಚ್ಚಿ ಕಟ್ಟುವುದು

ಮೊದಲು ಯಾವ ಬಾಕ್ಸ್ ಅಂತ ಗುರುತಿಸಿ. ಎರಡನೇ ಮಹಾಯುದ್ಧದ ಕಾಲದ, 1941ರಿಂದ 1945ರ ವಿಲ್ಲೀಸ್ ಎಂಬಿ ಜೀಪಿನಲ್ಲಿರುವುದು ಟಿ-84. ಆಮೇಲಿನ ಸಿಜೆ ಜೀಪುಗಳಲ್ಲಿ, ಸಿಜೆ-3ಬಿಯಲ್ಲೂ ಇರುವುದು ಟಿ-90. ಎರಡೂ ಮೂರು ಗೇರಿನವೇ. ಆದರೆ ಒಂದರ ಒಳಗಿನ ಸಾಮಾನು ಇನ್ನೊಂದಕ್ಕೆ ಕೂರುತ್ತದೆ ಅಂತ ನಂಬಿ ದುಡ್ಡು ಕೊಡಬೇಡಿ. ಟಿ-90ರಲ್ಲೇ ಫಸ್ಟ್ ಗೇರಿನ ಅನುಪಾತ ಎರಡು ಬಗೆ: 2.798 ಮತ್ತು 3.339. ಬಿಡಿ ಗೇರ್ ತರುವಾಗ ಹಳೆಯದನ್ನು ಜೊತೆಗೇ ಒಯ್ದು ಹಲ್ಲು ಎಣಿಸಿ ತನ್ನಿ.

ಟಿ-90 ಗಟ್ಟಿ ಬಾಕ್ಸ್. ಬೀಡಿನ ಕೇಸು, ಒಳಗೆ ಸಾಮಾನು ಕಡಿಮೆ. ಕೆಲಸ ಬಲ್ಲ ಫಿಟ್ಟರ್‌ಗೆ ಇದರಲ್ಲಿ ಗುಟ್ಟೇನೂ ಇಲ್ಲ. ಫಸ್ಟ್ ಗೇರಿಗೆ ಮಾತ್ರ ಸಿಂಕ್ರೊ ಇಲ್ಲ. ಗಾಡಿ ಉರುಳುತ್ತಿರುವಾಗ ಫಸ್ಟ್‌ಗೆ ತಳ್ಳಿದರೆ ಕರ್ರ್ ಅನ್ನುವುದು ರೋಗ ಅಲ್ಲ, ಅದರ ಸ್ವಭಾವ. ನಿಂತ ಮೇಲೆ ಹಾಕಬೇಕು, ಇಲ್ಲವೇ ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಮತ್ತೆ ಒತ್ತುವ ಡಬಲ್ ಕ್ಲಚ್ ಕಲಿಯಬೇಕು. ಇದು ಗೊತ್ತಿಲ್ಲದವರು ಓಡಿಸಿದ ಬಾಕ್ಸಿನಲ್ಲಿ ಫಸ್ಟ್ ಗೇರಿನ ಹಲ್ಲಿನ ತುದಿಗಳು ಚೂರಾಗಿರುತ್ತವೆ.

ಖರ್ಚು ನಿಂತಿರುವುದು ಒಂದೇ ಸಾಮಾನಿನ ಮೇಲೆ, ಅದು ಕೌಂಟರ್ ಗೇರ್. ಅದರ ಹಲ್ಲುಗಳು ಚೆನ್ನಾಗಿದ್ದರೆ ಬೇರಿಂಗ್, ಸೂಜಿ ರೋಲರ್, ಥ್ರಸ್ಟ್ ವಾಷರ್, ಸಿಂಕ್ರೊ ರಿಂಗ್, ಸೀಲ್, ಗ್ಯಾಸ್ಕೆಟ್‌ನಲ್ಲಿ ಕೆಲಸ ಮುಗಿಯುತ್ತದೆ. ಈ ಲೇಖನದ ಎಲ್ಲ ದಾರಿಗಳಲ್ಲಿ ಅದೇ ಅಗ್ಗ. ಕೌಂಟರ್ ಗೇರೂ ಹೋಗಿದ್ದರೆ ಅದಕ್ಕೆ ಕಚ್ಚುವ ಗೇರನ್ನೂ ಜೊತೆಗೇ ಬದಲಿಸಬೇಕು. ಸವೆದ ಗೇರಿಗೆ ಹೊಸ ಗೇರ್ ಜೋಡಿಸಿದರೆ ಎರಡೂ ಬೇಗ ಹೋಗುತ್ತವೆ. ಆಗ ಲೆಕ್ಕ ಬದಲಾಗುತ್ತದೆ.

ಕೆಲಸ ಕೊಡುವಾಗ ಮೂರು ವಿಷಯ ಕೇಳಿ. ಕೌಂಟರ್ ಶಾಫ್ಟ್ ಕೂರುವ ಕೇಸಿನ ತೂತು ಅಗಲವಾಗಿದೆಯೇ? ಆಗಿದ್ದರೆ ಎಷ್ಟು ಹೊಸ ಸಾಮಾನು ಹಾಕಿದರೂ ಎಣ್ಣೆ ಸೋರುತ್ತದೆ, ಗೇರ್ ಹಾರುತ್ತದೆ. ತೂತು ಬೋರ್ ಮಾಡಿ ಬುಷ್ ಹಾಕಿಸಬೇಕು. ಸೂಜಿ ರೋಲರ್‌ಗಳನ್ನು ಹೇಗೆ ಕೂರಿಸುತ್ತಾರೆ? ಗೇರಿನಷ್ಟೇ ಉದ್ದದ ಡಮ್ಮಿ ಶಾಫ್ಟ್ ಮಾಡಿಕೊಂಡು, ಗ್ರೀಸ್ ಹಚ್ಚಿ ರೋಲರ್ ನಿಲ್ಲಿಸಿ, ಆಮೇಲೆ ನಿಜವಾದ ಶಾಫ್ಟ್‌ನಿಂದ ಅದನ್ನು ತಳ್ಳುತ್ತೇನೆ ಅಂದರೆ ಆ ಮನುಷ್ಯನಿಗೆ ಕೆಲಸ ಗೊತ್ತು. ಕೌಂಟರ್ ಗೇರಿನ ಆಟವನ್ನು ಫೀಲರ್ ಗೇಜಿನಲ್ಲಿ ಅಳೆಯುತ್ತಾರೋ, ಕೈಯಿಂದ ಅಲ್ಲಾಡಿಸಿ “ಬರೋಬರಿ ಐತ್ರಿ” ಅನ್ನುತ್ತಾರೋ?

ಹುಬ್ಬಳ್ಳಿಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕೈಗಾರಿಕಾ ವಾಲ್ವ್ ತಯಾರಿಸುವ ಊರು ಇದು. ಗೋಕುಲ ರೋಡ್, ತಾರಿಹಾಳ ಕಡೆ ನಿಖರವಾಗಿ ಬೋರ್ ಮಾಡುವ ಯಂತ್ರಗಳೂ, ಅಳತೆ ಗೊತ್ತಿರುವ ಕೈಗಳೂ ಇವೆ. ಗದಗಿನಲ್ಲೋ ಹಾವೇರಿಯಲ್ಲೋ ಬಾಕ್ಸ್ ಬಿಚ್ಚಿಸಿದರೂ ಕೇಸಿನ ಕೆಲಸಕ್ಕೆ ಮಾತ್ರ ಇಲ್ಲಿಗೆ ತರುವುದು ಒಳ್ಳೆಯದು.

ಬಾಕ್ಸ್ ಇಳಿದಿರುವಾಗಲೇ ಡೇನಾ 18ರ ಮಧ್ಯದ ಶಾಫ್ಟ್ ನೋಡಿಸಿಬಿಡಿ. ಹಳೆಯ ಜೀಪುಗಳಲ್ಲಿ ಅದು ಬರೀ ಮುಕ್ಕಾಲು ಇಂಚು ದಪ್ಪ. ಆಮೇಲೆ 1-1/8, ಕೊನೆಗೆ 1-1/4 ಇಂಚಿಗೆ ಏರಿಸಿದರು. ಏಕೆ ಏರಿಸಿದರು ಅಂತ ಸವೆದ ಮುಕ್ಕಾಲು ಇಂಚಿನ ಶಾಫ್ಟ್ ನೋಡಿದರೆ ಗೊತ್ತಾಗುತ್ತದೆ. ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬುಷ್ ಕೂಡ ಇದೇ ಹೊತ್ತಿಗೆ. ಮತ್ತೆ ಇಳಿಸುವ ಕೂಲಿ ಉಳಿಯುತ್ತದೆ.

ಮೂಲ ಪೆಟ್ರೋಲ್ ಎಂಜಿನ್ ಇರುವ ಜೀಪಿಗೆ ನನ್ನ ಉತ್ತರ ಇದೇ. ಬೇರೆ ಯಾವ ಬಾಕ್ಸಿನ ಹೆಸರು ಎತ್ತಿದರೂ ಇದಕ್ಕಿಂತ ಯಾಕೆ ಮೇಲು ಅಂತ ಮೊದಲು ಹೇಳಿ ಅನ್ನುತ್ತೇನೆ.

ಗುಜರಿಯಿಂದ ಅದೇ ಬಾಕ್ಸ್

ಸೆಕೆಂಡ್ ಹ್ಯಾಂಡ್ ಟಿ-90 ತಂದು ಹಾಕಿಬಿಡೋಣ ಅನ್ನುವುದು ಬೇಗ ಮುಗಿಯುವ ದಾರಿಯ ಹಾಗೆ ಕಾಣುತ್ತದೆ. ಆದರೆ ಗುಜರಿಗೆ ಬಂದ ಬಾಕ್ಸೂ ಅಷ್ಟೇ ಹಳೆಯದು. ಅದನ್ನು ಬಿಚ್ಚದೆ ಹಾಕುವುದು ಜೂಜು. ಬಿಚ್ಚಿದರೆ ಮೇಲಿನ ಖರ್ಚೇ ಮತ್ತೆ. ನಿಮ್ಮ ಕೇಸು ಒಡೆದಿದ್ದರೆ, ಅಥವಾ ಎರಡು ಬಾಕ್ಸ್ ಸೇರಿಸಿ ಒಂದು ಒಳ್ಳೆಯದು ಮಾಡುವ ಯೋಚನೆ ಇದ್ದರೆ ತನ್ನಿ. ಮೇಲಿನ ಕವರ್ ತೆಗೆದು ಕೌಂಟರ್ ಗೇರಿನ ಹಲ್ಲು ತೋರಿಸಲು ಒಪ್ಪದವರ ಹತ್ತಿರ ಮಾತ್ರ ತರಬೇಡಿ.

ನಾಲ್ಕು ಗೇರಿನದು

ಮಹೀಂದ್ರಾದ ಆಮೇಲಿನ ಜೀಪುಗಳಲ್ಲಿ ಬಂದ ಕೆಎಂಟಿ 90 ಅನ್ನುವ ನಾಲ್ಕು ಗೇರಿನ ಬಾಕ್ಸ್ ಇದೆ. ಇದರಲ್ಲಿ ಫಸ್ಟ್‌ಗೂ ಸಿಂಕ್ರೊ ಉಂಟು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ನಿಂತು, ಹೊರಟು, ಮತ್ತೆ ನಿಲ್ಲುವವರಿಗೆ ಇದು ದೊಡ್ಡ ಸುಖ. ಮನೆಯಲ್ಲಿ ಬೇರೆಯವರೂ ಜೀಪು ಓಡಿಸುವುದಾದರೆ ಇನ್ನೂ ಜಾಸ್ತಿ.

ಆದರೆ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಕೇಳುತ್ತೇನೆ: ಒಂದು ಗೇರ್ ಜಾಸ್ತಿ, ಹಾಗಾಗಿ ಹೈವೇನಲ್ಲಿ ಎಂಜಿನ್ ತಣ್ಣಗೆ ಓಡುತ್ತದೆ ಅಂತ. ಇಲ್ಲ. ನಾಲ್ಕನೆಯದು ಮತ್ತೆ ಡೈರೆಕ್ಟ್ ಗೇರೇ, ಅಂದರೆ ಎಂಜಿನ್ ಸುತ್ತಿದಷ್ಟೇ ಬಾಕ್ಸಿನ ಹಿಂದಿನ ಶಾಫ್ಟೂ ಸುತ್ತುತ್ತದೆ. ಮೂರು ಗೇರಿನ ಬಾಕ್ಸಿನ ಟಾಪೂ ಡೈರೆಕ್ಟ್. ಟಾಪಿನಲ್ಲಿ ಎರಡೂ ಒಂದೇ. ಹೆಚ್ಚಾಗಿರುವ ಗೇರ್ ನಡುವೆ ಬಂದಿದೆ, ಕೊನೆಗೆ ಅಲ್ಲ. ಏರಿನಲ್ಲಿ ಎರಡಕ್ಕೂ ಮೂರಕ್ಕೂ ನಡುವೆ ಒದ್ದಾಡುವುದು ತಪ್ಪುತ್ತದೆ, ಅದೇ ಇದರ ಲಾಭ.

ಎಂಜಿನ್ ಈಗಾಗಲೇ ಮಹೀಂದ್ರಾ ಡೀಸೆಲ್ ಆಗಿದ್ದರೆ ಈ ದಾರಿ ಸಲೀಸು. ಅದೇ ಮಾದರಿಯ ಗಾಡಿಯಿಂದ ಬೆಲ್ ಹೌಸಿಂಗ್, ಕ್ಲಚ್, ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಒಟ್ಟಿಗೆ ಒಂದೇ ಸೆಟ್ ಆಗಿ ಸಿಕ್ಕರೆ ತಲೆನೋವು ಅರ್ಧ ಕಮ್ಮಿ. ಪೆಟ್ರೋಲ್ ಎಂಜಿನ್ನಿನ ಹಿಂದೆ ಹಾಕುವುದಾದರೆ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಪ್ಲೇಟಿನ ನಡುವಿನ ತೂತು ಕ್ರ್ಯಾಂಕ್‌ಶಾಫ್ಟಿನ ನಡುವಿಗೆ ಕೂದಲೆಳೆಯಷ್ಟು ತಪ್ಪಿದರೂ ಇನ್‌ಪುಟ್ ಬೇರಿಂಗ್ ತಿಂದುಹಾಕುತ್ತದೆ. ಡಯಲ್ ಗೇಜ್ ಇಟ್ಟು ನೋಡುವ ಲೇತ್ ಅಂಗಡಿಗೆ ಮಾತ್ರ ಕೊಡಿ.

ಅಮೆರಿಕದ ಹಾಟ್ ರಾಡ್ ಹುಚ್ಚಿನವರು 1932ರ ಫೋರ್ಡಿಗೆ ಮಸ್ಟಾಂಗ್ ಕಾರಿನ ಟಿ-5 ಬಾಕ್ಸ್ ಕೂರಿಸುತ್ತಾರೆ. ಅಲ್ಲಿ ಆ ಪ್ಲೇಟ್ ಕ್ಯಾಟಲಾಗಿನಲ್ಲಿ ಸಿಗುತ್ತದೆ, ಸ್ಪ್ಯಾನರ್ ಹಿಡಿದರೆ ಸಾಕು. ಇಲ್ಲಿ ಅದು ನಿಮ್ಮ ಲೇತ್‌ನವರ ಕೈಗುಣ. ಆ ವಿಡಿಯೊಗಳನ್ನು ನೋಡಿ ಎರಡೇ ದಿನದ ಕೆಲಸ ಅಂದುಕೊಳ್ಳಬೇಡಿ.

ಬೊಲೆರೊದ ಐದು ಗೇರಿನದು

ಆಸೆ ಅರ್ಥವಾಗುತ್ತದೆ. ಲೆಕ್ಕ ನೋಡಿ. ಹಳೆ ಜೀಪಿನ ಆಕ್ಸಲ್ ಅನುಪಾತ ಸಾಮಾನ್ಯವಾಗಿ 5.38, ಅಂದರೆ ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು. ಮೂಲ ಅಳತೆಯ 6.00-16 ಟಯರ್ ಇದ್ದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,200 ಸುತ್ತು ತಿರುಗುತ್ತದೆ. ಐದನೇ ಗೇರಿನ ಅನುಪಾತ 0.8ರ ಆಸುಪಾಸು ಇದ್ದರೆ ಅದು 2,600ಕ್ಕೆ ಇಳಿಯುತ್ತದೆ. ಕಿವಿಗೂ ಡೀಸೆಲ್ ಖರ್ಚಿಗೂ ಒಳ್ಳೆಯದೇ. ಬಿಡಿಭಾಗ ಶಿಗ್ಗಾಂವಿಯಲ್ಲೂ ಲಕ್ಷ್ಮೇಶ್ವರದಲ್ಲೂ ಸಿಗುತ್ತದೆ, ಯಾಕೆಂದರೆ ಬೊಲೆರೊ ಇಲ್ಲದ ಊರಿಲ್ಲ.

ತೊಂದರೆ ಬೇರೆ ಕಡೆ ಇದೆ. ಗುಜರಿಗೆ ಬರುವ ಬೊಲೆರೊಗಳು ಬಹುಪಾಲು ಟೂ ವೀಲ್ ಡ್ರೈವ್. ಆ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇಲ್ಲ. ಹಾಕಿದ ದಿನವೇ ನಿಮ್ಮ ಜೀಪಿನ ಫೋರ್ ವೀಲ್ ಹೋಯಿತು, ಲೋ ಗೇರೂ ಹೋಯಿತು. ಇನ್ನೂ ಒಂದು ಇದೆ. ಟೂ ವೀಲ್ ಬಾಕ್ಸಿನಿಂದ ಪ್ರೊಪೆಲ್ಲರ್ ಶಾಫ್ಟ್ ಹೊರಡುವುದು ಗಾಡಿಯ ನಡುಮಧ್ಯದಿಂದ. ಹಳೆ ಜೀಪಿನ ಹಿಂದಿನ ಆಕ್ಸಲಿನ ಗುಂಡು (ಡಿಫರೆನ್ಷಿಯಲ್) ಇರುವುದು ಬಲಕ್ಕೆ, ಡೇನಾ 18ಕ್ಕೆ ನೇರವಾಗಿ. ಸಿಜೆ-3ಬಿಯ ವೀಲ್‌ಬೇಸ್ ಬರೀ 80 ಇಂಚು. ಉದ್ದದ ಬಾಕ್ಸ್ ಕೂತ ಮೇಲೆ ಉಳಿಯುವುದು ಗಿಡ್ಡ ಶಾಫ್ಟ್, ಅದೂ ಓರೆಯಾಗಿ. ಶಾಫ್ಟಿನ ಕೀಲಿನ ಕ್ರಾಸ್‌ಗಳು ಪದೇ ಪದೇ ಹೋಗುತ್ತವೆ, ಗಾಡಿ ನಡುಗುತ್ತದೆ. ಸರಿಪಡಿಸಲು ಹಿಂದಿನ ಆಕ್ಸಲ್ ಬದಲಿಸಿ ಅನ್ನುತ್ತಾರೆ. ಆಮೇಲೆ ಮುಂದಿನದಕ್ಕೂ ಅನುಪಾತ ಹೊಂದಿಸಬೇಕು. ಬಾಕ್ಸಿಗೆ ಅಂತ ಇಟ್ಟ ದುಡ್ಡು ಎಲ್ಲಿಗೆ ಹೋಯಿತು ನೋಡಿ.

ವೀಲ್‌ಬೇಸ್ ಉದ್ದ ಇರುವ, ಡೀಸೆಲ್ ಎಂಜಿನ್ ಈಗಾಗಲೇ ಕೂತಿರುವ, ಹೈವೇ ಮೇಲೆಯೇ ಜಾಸ್ತಿ ಓಡುವ ಗಾಡಿಗೆ ಐದು ಗೇರ್ ಸರಿ. ಅದೂ ಫೋರ್ ವೀಲ್ ಗಾಡಿಯಿಂದ ಪೂರ್ತಿ ಸೆಟ್ ಸಿಕ್ಕರೆ. ಗಿಡ್ಡ ಪೆಟ್ರೋಲ್ ಜೀಪಿಗೆ ನಾನಂತೂ ಬೇಡ ಅನ್ನುತ್ತೇನೆ.

ಓವರ್‌ಡ್ರೈವ್ ಅನ್ನುವ ಇನ್ನೊಂದು ದಾರಿ

ಹಳೆ ಬಾಕ್ಸೂ ಉಳಿಯಬೇಕು, ಹೈವೇ ಅರಚಾಟವೂ ತಗ್ಗಬೇಕು ಅನ್ನುವವರಿಗೆ ಡೇನಾ 18ರ ಹಿಂಬದಿ ಕಿಂಡಿಗೆ ಕೂರುವ ಓವರ್‌ಡ್ರೈವ್ ಘಟಕ ಇದೆ. ವಾರ್ನ್, ಸ್ಯಾಟರ್ನ್ ಅನ್ನುವ ಹೆಸರಿನವು. ಎಂಜಿನ್ ಸುತ್ತನ್ನು 25 ಪರ್ಸೆಂಟ್ ಇಳಿಸುತ್ತವೆ. ಅಂದರೆ 80ರಲ್ಲಿ ಓಡುವಾಗ ಎಂಜಿನ್ ತಿರುಗುವುದು ಮೊದಲು 60ರಲ್ಲಿ ತಿರುಗಿದಷ್ಟೇ. ಫ್ರೇಮ್ ಕತ್ತರಿಸಬೇಕಿಲ್ಲ, ಬೇಡ ಅನ್ನಿಸಿದರೆ ಬಿಚ್ಚಿಡಬಹುದು. ವಿದೇಶದಿಂದ ತರಿಸಬೇಕು, ಕಸ್ಟಮ್ಸ್ ಸುಂಕ ಸೇರುತ್ತದೆ. ಕೆಟ್ಟರೆ ಇಲ್ಲಿ ಯಾರ ಹತ್ತಿರವೂ ಸಾಮಾನು ಇರುವುದಿಲ್ಲ. ಎಂಜಿನ್ ಬಲದಿಂದ ಹೊರಗಿನ ಯಂತ್ರ ಓಡಿಸುವ ಪಿಟಿಒ ಕೂರುವುದೂ ಅದೇ ಕಿಂಡಿಗೆ. ಪಂಪ್ ಓಡಿಸಲು ಪಿಟಿಒ ಇಟ್ಟುಕೊಂಡವರು ಎರಡರಲ್ಲಿ ಒಂದನ್ನು ಬಿಡಬೇಕು. ಎಂಬತ್ತರಲ್ಲಿ ಆ ಹಳೆ ಡ್ರಮ್ ಬ್ರೇಕಿನ ಮೇಲೆ ಎಷ್ಟು ನಂಬಿಕೆ ಇದೆ ಅಂತ ಒಮ್ಮೆ ಯೋಚಿಸಿ, ಆಮೇಲೆ ಆರ್ಡರ್ ಮಾಡಿ.

ಕಾಗದಪತ್ರ

ಆರ್‌ಸಿಯಲ್ಲಿ ಬರೆದಿರುವುದು ಎಂಜಿನ್ ನಂಬರ್ ಮತ್ತು ಚಾಸಿ ನಂಬರ್. ಮೂಲ ಬಾಕ್ಸನ್ನು ರಿಪೇರಿ ಮಾಡಿಸಿದರೆ ಕೇಳುವವರಿಲ್ಲ. ಆದರೆ ಐದು ಗೇರಿನ ಆಸೆಗೆ ಎಂಜಿನ್ನೂ ಬಂತು ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಎದುರು ನಿಲ್ಲುತ್ತದೆ. ವಾಹನದ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾವಣೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಧಾರವಾಡದ ಕೆಎ-25 ಇರಲಿ, ಹುಬ್ಬಳ್ಳಿಯ ಕೆಎ-63, ಗದಗಿನ ಕೆಎ-26, ಹಾವೇರಿಯ ಕೆಎ-27 ಇರಲಿ, ಎಂಜಿನ್ ಮುಟ್ಟುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಅಪಘಾತವಾದ ದಿನ ವಿಮೆಯವರು ನೋಡುವುದು ಆ ಕಾಗದವನ್ನೇ.

ವಿಂಟೇಜ್ ನೋಂದಣಿಯ ಯೋಚನೆ ಇದ್ದರೆ ಇನ್ನೂ ಹುಷಾರು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಈ ದಾರಿ ಹಿಡಿಯುವವರು ಬಾಕ್ಸಿಗಾಗಿ ಫ್ರೇಮಿಗೆ ಗ್ಯಾಸ್ ಕಟರ್ ತಾಗಿಸಲೇಬಾರದು.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಮ್ಮಿ, ಜೀಪು ಹೊಲಕ್ಕೇ ಜಾಸ್ತಿ ಹೋಗುತ್ತದೆ, ಎಂಜಿನ್ ಪೆಟ್ರೋಲ್: ಟಿ-90 ಕಟ್ಟಿಸಿ. ಫಸ್ಟ್ ಗೇರ್ 2.798, ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ 2.46, ಆಕ್ಸಲ್ 5.38 ಗುಣಿಸಿದರೆ 37 ಬರುತ್ತದೆ, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 37 ಸುತ್ತು. ಕಪ್ಪತಗುಡ್ಡದ ಬುಡದ ಕಲ್ಲು ದಾರಿಗೂ, ಕೆಸರಿಗೂ ಅದು ಧಾರಾಳ ಸಾಕು. ಡೀಸೆಲ್ ಹಾಕಿದ ಜೀಪು, ಊರೊಳಗೂ ಸುತ್ತಮುತ್ತಲೂ ಓಡಾಟ, ಓಡಿಸುವವರು ನಾಲ್ಕಾರು ಜನ: ನಾಲ್ಕು ಗೇರಿನ ಪೂರ್ತಿ ಸೆಟ್ ಹುಡುಕಿ, ಸಿಗುವವರೆಗೂ ಕಾಯಿರಿ. ಬಿಡಿಬಿಡಿಯಾಗಿ ಕೂಡಿಸಲು ಹೋದರೆ ಐದು ಗೇರಿನ ಖರ್ಚು ಬರುತ್ತದೆ. ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ದಾಂಡೇಲಿ ಕಡೆ ಕಾಡಿನ ರಸ್ತೆಗೆ ಹೋಗುವ ಹವ್ಯಾಸಿಗೂ ನನ್ನ ಮತ ಕಟ್ಟಿಸಿದ ಮೂಲ ಬಾಕ್ಸಿಗೇ. ದುಡ್ಡು ಉಳಿದರೆ ಬ್ರೇಕಿಗೆ ಹಾಕಲಿ, ಆಮೇಲೆ ಬೇಕಿದ್ದರೆ ಓವರ್‌ಡ್ರೈವ್.

ಯಾವುದನ್ನೇ ಆರಿಸಿ, ಎಣ್ಣೆಯ ವಿಷಯದಲ್ಲಿ ಅಂಗಡಿಯವರ ಮಾತಿಗೆ ಬಿಡಬೇಡಿ. “90 ನಂಬರ್ ಎಣ್ಣೆ” ಅಂತ ಕೇಳಿದರೆ ಒಂದೇ ಡಬ್ಬಿ ಕೊಡುತ್ತಾರೆ, ಅದು ಹೆಚ್ಚಾಗಿ ಡಿಫರೆನ್ಷಿಯಲ್‌ಗೆ ಮಾಡಿದ ಜಿಎಲ್-5 ದರ್ಜೆಯದು. ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಆಗಿಬರುವುದಿಲ್ಲ. ಹಳೆಯ ಸಿಂಕ್ರೊ ಬಾಕ್ಸಿಗೆ ಜಿಎಲ್-4 ಅಂತ ಡಬ್ಬಿಯ ಮೇಲೆ ಓದಿಯೇ ತನ್ನಿ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಆ ಎಣ್ಣೆ ಇಳಿಸಿ, ಮತ್ತೆ ಬಿಳಿ ತಟ್ಟೆಯಲ್ಲಿ ನೋಡಿ. ಚೂರು ಕಂಡರೆ ಕೂಲಿಯ ಕೊನೆಯ ಕಂತು ಕೊಡುವ ಮುಂಚೆ ತೋರಿಸಲು ಸಾಧ್ಯವಾಗುವ ಹಾಗೆ ಮಾತು ಮೊದಲೇ ಆಡಿಕೊಂಡಿರಿ.